ನೂರಿಪ್ಪತ್ತು ಅಡಿ ದಾರಿಯ ಅಂದಾಜು

ಮರಿಬಸಪ್ಪ ಸತ್ತ ಮೂರನೆಯ ದಿನ ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತು. ಶ್ರದ್ಧಾಂಜಲಿಯ ಫ್ಲೆಕ್ಸ್. ಅದರ ಮೂಲೆಯಲ್ಲಿ ಅಂಗೈ ಅಗಲದ ಮರಿಬಸಪ್ಪ. ಉಳಿದ ಜಾಗದ ತುಂಬ ಎರಡೂ ಕೈ ಜೋಡಿಸಿ ನಿಂತವನು ಸಿರುಗುಪ್ಪದ ರೈಸ್‌ಮಿಲ್ಲಿನ ಧಣಿ ದೊಡ್ಡಬಸವರಾಜ. ಬಸ್ಸಿಳಿದವರು ಧಣಿಯೇ ತೀರಿಕೊಂಡನೇನೋ ಎಂದು ನಿಂತು ನೋಡಿ, ಹತ್ತಿರ ಹೋಗಿ ಓದಿ, ಅಲ್ಲವೆಂದು ತಿಳಿದು ಮುಂದೆ ಹೋಗುತ್ತಿದ್ದರು. 'ಖ್ಯಾತ ಕಟ್ಟಡ ಸಲಹೆಗಾರರು, ನಮ್ಮ ಕುಟುಂಬದ ಮಾರ್ಗದರ್ಶಕರು' ಎಂದು ಬರೆಸಿದ್ದ.

ಉಮಾಪತಿಯೂ ಹತ್ತಿರ ಹೋಗಿ ಓದಿದ. ಬಳ್ಳಾರಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ಅವನು. ಮರಿಬಸಪ್ಪನ ಜೊತೆ ಕುರುಗೋಡಿನ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಓದಿದವನು. ಆಸ್ಪತ್ರೆಯಲ್ಲಿ, ಮಣ್ಣು ಕೊಡುವಾಗ, ಎಲ್ಲಿಯೂ ಬಾರದ ಅಳು ಅಲ್ಲಿಯೂ ಬರಲಿಲ್ಲ. ಇದೇ ಧಣಿಯ ಬಾಯಲ್ಲಿ 'ಕಲ್ಲೆಣಿಸೋ ಮುದುಕ' ಎಂಬ ಮಾತು ಬಂದಾಗ ಅವನು ಪಕ್ಕದಲ್ಲೇ ನಿಂತಿದ್ದ.

ಮರಿಬಸಪ್ಪ ಸಲಹೆಗಾರನೂ ಅಲ್ಲ, ಖ್ಯಾತನೂ ಅಲ್ಲ. ಮನೆ ಮುಂದೆ ಕಾರು ಬರುವ ದಾರಿಗೆ, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಜಾಗಕ್ಕೆ, ಕೈತೋಟದ ಕಾಲುದಾರಿಗೆ ಯಾವ ಜಲ್ಲಿ ಹಾಕಬೇಕು, ಎಷ್ಟು ಟಿಪ್ಪರ್ ತರಿಸಬೇಕು ಎಂದು ಹೇಳುವುದು ಅವನ ಕಸುಬು. ಅವನಪ್ಪ ಮೂಕಪ್ಪ ಕುರುಗೋಡಿನ ಗುಡ್ಡದ ಬುಡದಲ್ಲಿ ಸುತ್ತಿಗೆ ಹಿಡಿದು ಜಲ್ಲಿ ಒಡೆಯುತ್ತಿದ್ದವನು. ಒಡೆದ ಕಲ್ಲು ಕಬ್ಬಿಣದ ಉಂಗುರದಲ್ಲಿ ತೂರಬೇಕು. ತೂರದಿದ್ದರೆ ಮತ್ತೆ ಒಡೆಯಬೇಕು. ಮರಿಬಸಪ್ಪ ಉಂಗುರ ಹಿಡಿದೇ ಬೆಳೆದ. ಹತ್ತು ವರ್ಷಕ್ಕೆಲ್ಲ ಅವನಿಗೆ ಉಂಗುರ ಬೇಕಾಗಲಿಲ್ಲ, ಕಣ್ಣೇ ಸಾಕಿತ್ತು. ಸುತ್ತಿಗೆ ಹೋಗಿ ಕ್ರಷರ್ ಬಂದಾಗ ಅಲ್ಲಿ ಲೋಡು ಅಳೆಯುವ ಕೆಲಸಕ್ಕೆ ಸೇರಿದ. ತುಂಬಿದ ಟಿಪ್ಪರಿನ ಮೇಲೆ ಹತ್ತಿ ಐದು ಕಡೆ ಸಲಾಕೆ ಚುಚ್ಚಿ, ಇಷ್ಟು ಅಡಿ ಎಂದು ಕೂಗುತ್ತಿದ್ದ. ಆ ಕೂಗಿಗೆ ಯಾವ ಡ್ರೈವರೂ ಎದುರಾಡಲಿಲ್ಲ. ಮೂವತ್ತು ವರ್ಷ ಆ ಬಿಳಿ ದೂಳಲ್ಲಿ ನಿಂತು ಎದೆ ತುಂಬ ಅದನ್ನೇ ಹೊತ್ತುಕೊಂಡು ಹೊರಗೆ ಬಂದ.

ಆಮೇಲೆ ಸ್ವಂತಕ್ಕೆ ನಿಂತ. ಜನ ಫೋನು ಮಾಡುತ್ತಿದ್ದರು, ಹೋಗಿ ನೋಡಿ ಹೇಳಿ ಬರುತ್ತಿದ್ದ. ಜೇಬಲ್ಲಿ ಸದಾ ಒಂದು ಹಿಡಿ ಚಿಪ್ಸು, ಅಂದರೆ ಕಡಲೆಕಾಳಿನಷ್ಟು ಸಣ್ಣ ಜಲ್ಲಿ, ಇರುತ್ತಿತ್ತು. ಬಳ್ಳಾರಿಗೆ ಬಂದರೆ ಕಂಟೋನ್ಮೆಂಟಿನ ಪಾಲಯ್ಯನ ಚಹಾದಂಗಡಿಯಲ್ಲಿ ಕೂತು, ಕುಡಿದ ಗ್ಲಾಸಿಗೇ ಮರಳು ಹಾಕಿ, ನೀರು ತುಂಬಿ, ಕುಲುಕಿ ಎದುರಿಗಿಟ್ಟುಕೊಳ್ಳುತ್ತಿದ್ದ. ಮರಳು ತಳಕ್ಕೆ ಇಳಿದ ಮೇಲೆ ಅದರ ಮೇಲೆ ಮಣ್ಣು ಎಷ್ಟು ದಪ್ಪ ಕೂರುತ್ತದೆ ಎಂದು ನೋಡಬೇಕು.

"ಲೇ ಮರಿಬಸಾ, ಆ ಗ್ಲಾಸು ತೊಳ್ಯಾಕ ನಿಮ್ಮಪ್ಪ ಬರ್ತಾನೇನಲೇ?" ಎಂದು ಪಾಲಯ್ಯ ಬೈಯುತ್ತಿದ್ದ.

"ನಿನ್ನ ಚಾದಾಗ ಇದಕ್ಕಿಂತ ಜಾಸ್ತಿ ಮಣ್ಣೈತಿ. ನಾ ಏನಾರ ಅಂದೀನೇನು?"

ಅವನ ನಾಲಿಗೆ ಅಂಥದು. ಗೆಳೆಯನೆಂದು ಉಮಾಪತಿಗೂ ರಿಯಾಯಿತಿ ಇರಲಿಲ್ಲ. ಕಂಟೋನ್ಮೆಂಟಿನ ಮನೆಯ ಹಿತ್ತಲಲ್ಲಿ ಸಂಜೆ ಕೂತು ಓದಲು ಒಂದು ಜಾಗ ಮಾಡಿಕೊಳ್ಳಬೇಕೆಂದು ಉಮಾಪತಿ ಒಮ್ಮೆ ತಾನೇ ಲೆಕ್ಕ ಹಾಕಿದ್ದ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಮೂರು ಇಂಚು ದಪ್ಪ. ಮೂರನ್ನೂ ಗುಣಿಸಿದ, ಐನೂರ ನಲವತ್ತು ಬಂತು. ಬೇಕಾದದ್ದು ನಲವತ್ತೈದು ಘನ ಅಡಿ ಜಲ್ಲಿ. ಬಂದದ್ದು ಎರಡು ಟಿಪ್ಪರ್. ಬೀದಿ ಮುಚ್ಚಿಹೋಯಿತು. ಹಾಲಿನವನು ಜಲ್ಲಿಯ ಗುಡ್ಡ ಹತ್ತಿ ಇಳಿದು ಪಕ್ಕದ ಮನೆಗೆ ಹಾಲು ಕೊಡುತ್ತಿದ್ದ. ಮರಿಬಸಪ್ಪ ಬಂದು ಗುಡ್ಡದ ಸುತ್ತ ಒಂದು ಸುತ್ತು ಹಾಕಿ, ಕೂತು, ಕೆಮ್ಮು ಬರುವ ತನಕ ನಕ್ಕ.

"ಸಾಹಿತ್ಯದಾಗ ಅಡೀನೂ ಇಂಚೂ ಒಂದೇ ಏನಲೇ ಉಮಾಪತಿ?"

ಉಮಾಪತಿಗೆ ಆಗ ಸಿಟ್ಟು ಬಂದಿತ್ತು. ಓದಿದವರಿಗೆಲ್ಲ ಬರುವ ಸಿಟ್ಟು ಅದು: ತಪ್ಪು ಮಾಡಿದ್ದಕ್ಕಲ್ಲ, ಅದನ್ನು ಎತ್ತಿ ತೋರಿಸಿದವನು ಏಳನೇ ಕ್ಲಾಸು ಓದಿದವನು ಎಂಬುದಕ್ಕೆ. ಆ ಸಿಟ್ಟನ್ನು ನೆನೆದರೆ ಅವನಿಗೆ ಈಗ ಮೈ ಹಿಡಿಯಾಗುತ್ತದೆ.

ಸಿರುಗುಪ್ಪದ ಕರೆ ಬಂದದ್ದು ಎರಡು ವರ್ಷದ ಹಿಂದೆ. ಅಷ್ಟರಲ್ಲಿ ಮರಿಬಸಪ್ಪನಿಗೆ ಉಸಿರಾಟ ಕಷ್ಟವಾಗಿತ್ತು. ಎಲ್ಲಿಗೆ ಹೋಗಬೇಕಾದರೂ ಉಮಾಪತಿಯೇ ತನ್ನ ಹಳೆಯ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಅವನ ಜೇಬಿನಿಂದ ಉದುರಿದ ಚಿಪ್ಸು ಆ ಕಾರಿನ ಕಾಲ್ಚಾಪೆಯ ಮೇಲೆ ಇವತ್ತಿಗೂ ಬಿದ್ದಿದೆ. ಉಮಾಪತಿ ಗುಡಿಸಿಲ್ಲ.

ಧಣಿ ಊರ ಹೊರಗೆ, ಕಾಲುವೆಯ ರಸ್ತೆಯಲ್ಲಿ, ನಿನ್ನೆ ಮೊನ್ನೆಯವರೆಗೂ ಭತ್ತ ಬೆಳೆಯುತ್ತಿದ್ದ ಗದ್ದೆಯಲ್ಲಿ ಮನೆ ಕಟ್ಟಿಸಿದ್ದ. ಮನೆ ಎನ್ನುವುದಕ್ಕಿಂತ ಕಲ್ಯಾಣ ಮಂಟಪ ಎನ್ನಬಹುದು. ಹೊಸ್ತಿಲಿನಿಂದ ಗೇಟಿಗೆ ನೂರಿಪ್ಪತ್ತು ಅಡಿ. ಅಷ್ಟು ದೂರದಿಂದ ಮನೆ ಕಂಡರೇ ಮನೆಗೆ ಬೆಲೆ ಎಂದು ಅವನ ಡಿಸೈನರು ಹೇಳಿದ್ದನಂತೆ. ಬೆಂಗಳೂರಿನಿಂದ ಬಂದಿದ್ದ ಆ ಡಿಸೈನರು ಅವತ್ತು ಅಲ್ಲಿಯೇ ಇದ್ದ. ಧಣಿ ಫೋನು ಮುಂದೆ ಹಿಡಿದ. ಯಾವುದೋ ದೇಶದ ಯಾರದೋ ಬಂಗಲೆ. ಅದರ ಮುಂದೆ ಮೊಟ್ಟೆಯಂಥ ಬಿಳಿ ಗುಂಡುಕಲ್ಲಿನ ದಾರಿ, ಅದರ ಮೇಲೆ ಒಂದು ಕಾರು.

ಮರಿಬಸಪ್ಪ ಚಿತ್ರ ನೋಡಲಿಲ್ಲ. ಎಲ್ಲಿಗೆ ಹೋದರೂ ಅವನ ಮೊದಲ ಪ್ರಶ್ನೆ ಒಂದೇ.

"ದಾರಿ ಯಾರು ಯಾರು ಬಳಸ್ತೀರಿ ಧಣೇರ?"

"ಯಾರು ಬಳಸ್ತಾರ? ಕಾರು ಬಳಸ್ತಾವ. ಮೂರು ಅದಾವು."

"ಕಾರು ಆತು. ಮನುಷ್ಯಾರು?"

"ಮನುಷ್ಯಾರು ಕಾರಾಗ ಕುಂತಿರ್ತಾರ!" ಎಂದ ಧಣಿ. ಡಿಸೈನರು ನಕ್ಕ. ನಗುವುದಕ್ಕೂ ಅವನಿಗೆ ಸಂಭಾವನೆ ಇದ್ದೀತು.

"ನಾನೂ ಒಬ್ಬಾಕಿ ಅದೀನಿ," ಎಂದು ಬಾಗಿಲ ಕಡೆಯಿಂದ ಒಂದು ಧ್ವನಿ ಬಂತು.

ಧಣಿಯ ತಾಯಿ ವಿರೂಪಮ್ಮ. ಸೊಂಟ ಮುರಿದು ವರ್ಷವಾಗಿತ್ತು, ಗಾಲಿಕುರ್ಚಿಯಲ್ಲಿದ್ದಳು. ಬಜಾರದ ಹಳೆಯ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಐವತ್ತು ವರ್ಷ ಹೋಗಿ ಬರುವವರನ್ನೆಲ್ಲ ಮಾತಾಡಿಸಿದವಳು. ಇಲ್ಲಿ ಮಾತಾಡಿಸಲು ಗ್ರಾನೈಟ್ ಕಂಬಗಳಿದ್ದವು. ಜನ ಇದ್ದದ್ದು ಗೇಟಿನಾಚೆ: ನಾಟಿಗೆ ಹೋಗುವ ಹೆಂಗಸರು, ಸೊಪ್ಪು ಮಾರುವವರು, ಎಮ್ಮೆ ಹೊಡೆದುಕೊಂಡು ಬರುವವರು.

"ಅಮ್ಮಾರ, ನೀವು ಎಲ್ಲಿ ತನಕ ಹೋಗಬೇಕ್ರಿ?" ಎಂದು ಕೇಳಿದ ಮರಿಬಸಪ್ಪ.

"ಗೇಟಿನ ತನಕ. ನಾನ ಹೋಗಬೇಕು, ಯಾರೂ ತಳ್ಳಬಾರದು. ತಳ್ಳಿಸಿಗೊಂಡು ಹೋದ್ರ ಅವರು ಹೊಳ್ಳಿಸಿದಾಗ ಹೊಳ್ಳಬೇಕು."

ಮರಿಬಸಪ್ಪ ಕುಕ್ಕರಗಾಲಲ್ಲಿ ಕೂತು ಕುರ್ಚಿಯ ಮುಂದಿನ ಸಣ್ಣ ಗಾಲಿಗೆ ಬೆರಳು ಇಟ್ಟು ನೋಡಿದ. ಎರಡು ಬೆರಳಗಲ ಕೂಡ ಇರಲಿಲ್ಲ. ಎದ್ದು ಧಣಿಯ ಕಡೆ ತಿರುಗಿದ.

"ಗುಂಡುಕಲ್ಲು ಒಂದನ್ನೊಂದು ಹಿಡಿಯಲ್ಲ ಧಣೇರ. ಗಾಲಿ ಬಂದ್ರ ಸರದು ದಾರಿ ಬಿಡತಾವ. ಮೂಲಿ ಇದ್ದ ಕಲ್ಲು, ಮಿಷನ್ನಾಗ ಒಡದದ್ದು, ಅದು ಹಿಡಕಂತೈತಿ. ಮತ್ತ ಇದು ಎರಿ ಮಣ್ಣು. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ. ಇದರ ಮ್ಯಾಲೆ ಏನು ಹಾಕಿದ್ರೂ ನುಂಗತೈತಿ. ಒಂದೂವರಿ ಅಡಿ ಈ ಮಣ್ಣು ತಗದು ಕೆಂಪು ಗರಸು ಮಣ್ಣು ಹಾಕ್ರಿ, ನೀರು ಬಿಟ್ಟು ರೋಲರ್ ಹೊಡಸ್ರಿ. ಹನ್ನೆರಡಡಿ ಅಗಲಕ್ಕ ಗರಸು ಆರು ಟಿಪ್ಪರ್. ಅದರ ಮ್ಯಾಲೆ ನಲವತ್ತರ ದಪ್ಪ ಜಲ್ಲಿ ಎರಡು. ಮ್ಯಾಲೆ ಚಿಪ್ಸು, ಕ್ರಷರ್ ಪುಡಿ ಕೂಡಿಸಿ ಒಂದು. ಕಾರೂ ಹೋಗತೈತಿ, ಅಮ್ಮಾರೂ ಹೋಗ್ತಾರ."

ಕಾಗದವಿಲ್ಲ, ಪೆನ್ನಿಲ್ಲ. ರೋಲರ್ ಹೊಡೆದರೆ ಗರಸು ಕುಗ್ಗುತ್ತದೆ ಎಂದು ಕಾಲು ಭಾಗ ಹೆಚ್ಚಿಗೆ ಹಿಡಿದೇ ಹೇಳಿದ್ದ. ಉಮಾಪತಿ ಆ ರಾತ್ರಿ ಮನೆಯಲ್ಲಿ ಕೂತು ಗುಣಿಸಿ, ಭಾಗಿಸಿ ನೋಡಿದಾಗ ಒಂದು ಬುಟ್ಟಿಯೂ ವ್ಯತ್ಯಾಸ ಬರಲಿಲ್ಲ.

"ಮನಿಗೆ ಬುನಾದಿ ಹಾಕೀನಿ. ದಾರಿಗೂ ಬುನಾದಿ ಹಾಕಬೇಕೇನು?" ಎಂದ ಧಣಿ.

"ಮನಿ ನಿಂತಲ್ಲೇ ನಿಂತಿರ್ತೈತಿ ಧಣೇರ. ದಾರಿ ಮ್ಯಾಲೆ ತಿರುಗಾಡ್ತಾರ."

"ಏ, ನಿನ್ನ ಆರು ಟಿಪ್ಪರ್ ನಿನ್ನ ಹಂತೇಕ ಇರಲಿ. ನಮ್ಮ ಮಿಲ್ಲಿನ ಕಣ ಇಷ್ಟ ಐತಿ. ಎರಡು ಬೊಟ್ಟು ದಪ್ಪ ಭತ್ತ ಹರವಿದ್ರ ನಲವತ್ತು ಚೀಲ ಬರೋಬ್ಬರಿ. ಕಲ್ಲೂ ನಲವತ್ತು ಚೀಲ ತರಸ್ತೀನಿ."

ಮರಿಬಸಪ್ಪನಿಗೆ ನಗು ಬಂತು, ಆದರೆ ವಿರೂಪಮ್ಮನ ಮುಖ ನೋಡಿ ತಡೆದುಕೊಂಡ.

"ಕಲ್ಲು ಭತ್ತ ಅಲ್ಲರಿ. ನಿಮ್ಮದೊಂದು ಭತ್ತದ ಚೀಲ ಹಿಡಿಯೋ ಜಾಗಾನ ಆ ಕಲ್ಲಿನ ನಾಕು ಚೀಲ ಹಿಡೀತಾವ."

"ಮೂವತ್ತು ವರ್ಷ ಚೀಲ ಎಣಿಸೀನಿ. ನನಗ ಚೀಲ ಕಲಸ್ತಿಯೇನಲೇ, ಕಲ್ಲೆಣಿಸೋ ಮುದುಕ!"

ವಯಸ್ಸಿನಲ್ಲಿ ತನಗಿಂತ ಹನ್ನೆರಡು ವರ್ಷ ಹಿರಿಯನಿಗೆ ಅವನು 'ಲೇ' ಎಂದ. ಮರಿಬಸಪ್ಪ ವಿರೂಪಮ್ಮನಿಗೆ ಮಾತ್ರ ಕೈ ಮುಗಿದು ಹೊರಟ. ಬರುವಾಗ ತನ್ನ ಫೋನ್ ನಂಬರನ್ನು ಆಕೆಗೆ ಎರಡು ಸಲ ಹೇಳಿದ.

ನಲವತ್ತು ಚೀಲ ಬಂದವು. ಮಿಲ್ಲಿನ ಹಮಾಲರು ಭತ್ತ ಹರವುವ ಮರದ ಹಲಗೆಯನ್ನೇ ತಂದು ಗೇಟಿನಿಂದ ಕಲ್ಲು ಹರವಲು ಹಿಡಿದರು. ಅಭ್ಯಾಸಬಲದಿಂದ, ಒಣಗಲಿ ಎಂಬಂತೆ, ನಡುವೆ ಕಾಲಾಡಿಸಿ ಸಾಲು ಎಳೆದರಂತೆ. ಮೂವತ್ತು ಅಡಿಗೆ ಚೀಲ ಮುಗಿದವು. ಮುಂದೆ ತೊಂಬತ್ತು ಅಡಿ ಕಪ್ಪು ಮಣ್ಣು. ಇಂಥ ತಪ್ಪು ಮಾಡಬೇಕಾದರೆ ಸಿರುಗುಪ್ಪದಲ್ಲಿಯೇ ಹುಟ್ಟಬೇಕು, ಅದೂ ಮಿಲ್ಲಿನ ಗದ್ದುಗೆಯ ಮೇಲೆ ಹುಟ್ಟಬೇಕು. ಧಣಿಗೆ ಆಗಲಾದರೂ ಬುದ್ಧಿ ಬಂದಿತೇ? ಚೀಲದವನು ಮೋಸ ಮಾಡಿದ ಎಂದು ಕೂಗಾಡಿ, ಇನ್ನೂ ನೂರಿಪ್ಪತ್ತು ಚೀಲ ತರಿಸಿದ.

ಗೃಹಪ್ರವೇಶಕ್ಕೆ ದಾರಿ ಹಾಲಿನಂತೆ ಹೊಳೆಯಿತು. ಬಂದವರೆಲ್ಲ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡರು; ಎತ್ತರದ ಚಪ್ಪಲಿಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ದಾಟಿ, ಎಷ್ಟು ಚೆಂದ ಎಂದರು. ಗಾಲಿಕುರ್ಚಿಯನ್ನು ಇಬ್ಬರು ಹಮಾಲರು ಎತ್ತಿ ತಂದು ಫೋಟೋಕ್ಕೆ ಕೂರಿಸಿ, ಎತ್ತಿಕೊಂಡು ಹೋಗಿ ಒಳಗಿಟ್ಟರು.

ಆಮೇಲೆ ಮಳೆಗಾಲ, ಕಾಲುವೆಗೆ ನೀರು. ಎರೆಮಣ್ಣು ತನ್ನ ಕೆಲಸ ತಾನು ಮಾಡಿತು. ಕಲ್ಲು ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು, ಕಾರಿನ ಗಾಲಿ ಹೋಗುವ ಎರಡು ಸಾಲಿನಲ್ಲಿ ಪೂರ್ತಿ ಕಾಣದಾಯಿತು. ಒಂದು ದಿನ ಧಣಿಯ ದೊಡ್ಡ ಕಾರು ಬಾಗಿಲ ತನಕ ಹೂತು, ಮಿಲ್ಲಿನ ಟ್ರಾಕ್ಟರು ಬಂದು ಎಳೆಯಿತು. ಧಣಿ ಮಳೆಯನ್ನು ಬೈದ.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ವಿರೂಪಮ್ಮ ಒಂದು ದಿನ ಯಾರಿಗೂ ಹೇಳದೆ ಹೊರಟಳು. ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದರು, ಅಡುಗೆಯವಳು ಹಿತ್ತಲಲ್ಲಿದ್ದಳು. ಇಪ್ಪತ್ತಡಿ ಹೋಗುವಷ್ಟರಲ್ಲಿ ಮುಂದಿನ ಗಾಲಿ ಎರಡೂ ಕಲ್ಲಿನೊಳಗೆ ಇಳಿದವು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಮಟಮಟ ಮಧ್ಯಾಹ್ನ ಒಂದು ತಾಸು ಆಕೆ ಆ ಬಿಳಿ ಕಲ್ಲುಗಳ ನಡುವೆ ಕೂತಿದ್ದಳು. ಗೇಟಿನಾಚೆ ಜನ ಹೋಗುತ್ತಿದ್ದರು. ಆಕೆಯ ದನಿ ಅಷ್ಟು ದೂರ ಮುಟ್ಟಲಿಲ್ಲ. ಕೊನೆಗೆ ಅಡುಗೆಯವಳು ನೋಡಿ ಎಳೆದು ತಂದಳು.

ಸಂಜೆ ಮರಿಬಸಪ್ಪನ ಫೋನು ಹೊಡೆದುಕೊಂಡಿತು.

"ಈ ಮನಿ ಇರೋ ಹೊಲ ನನ್ನ ಹೆಸರಿನಾಗ ಐತಪ್ಪ. ನೀ ಬಾ. ನನ್ನ ಮಗನ್ನ ಕೇಳಬ್ಯಾಡ."

ಆಗ ಅವನಿಗೆ ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕಾಗುತ್ತಿತ್ತು. ಉಮಾಪತಿ ಬೇಡವೆಂದ, ಬೇರೆ ಯಾರಿಗಾದರೂ ಹೇಳೋಣ ಎಂದ.

"ಯಾರಿಗೆ ಹೇಳ್ತಿ? ಇಂಚಿಗೂ ಅಡಿಗೂ ಫರಕು ಗೊತ್ತಿಲ್ಲದಂಥವರಿಗೇನು?" ಎಂದು ಕಾರಿನ ಬಾಗಿಲು ತೆಗೆದು ತಾನೇ ಕೂತ.

ಧಣಿ ಭತ್ತದ ವ್ಯಾಪಾರಕ್ಕೆ ನಾಲ್ಕು ದಿನ ರಾಯಚೂರಿನ ಕಡೆ ಹೋಗಿದ್ದ. ಮರಿಬಸಪ್ಪ ಬಿಳಿ ಕಲ್ಲನ್ನು ಮುಟ್ಟಲಿಲ್ಲ. ಕಾಂಪೌಂಡಿನ ಗೋಡೆಗುಂಟ, ವಿರೂಪಮ್ಮನ ಕೋಣೆಯ ಪಕ್ಕದ ಬಾಗಿಲಿನಿಂದ ಗೇಟಿಗೆ ನಾಲ್ಕಡಿ ಅಗಲದ ಬೇರೆ ದಾರಿ ಎಳೆದ. ಇದಕ್ಕೆ ಕಾರಿನ ಭಾರವಿಲ್ಲ, ನಲವತ್ತರ ಜಲ್ಲಿ ಬೇಡ. ಆಳುಗಳು ಒಂದಡಿ ಎರೆ ತೆಗೆದರು, ಮುಕ್ಕಾಲಡಿ ಗರಸು ತುಂಬಿದರು, ನೀರು ಬಿಟ್ಟು ಸಣ್ಣ ರೋಲರ್ ಹೊಡೆದರು. ನೀರು ನಿಲ್ಲಬಾರದೆಂದು ಹೊರಮಗ್ಗುಲಿಗೆ ಒಂದು ಬೆರಳು ಇಳಿಜಾರು. ಮೇಲೆ ಚಿಪ್ಸು ಮತ್ತು ಕ್ರಷರ್ ಪುಡಿ. ಮರಿಬಸಪ್ಪ ಗೋಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬೆರಳು ತೋರಿಸುತ್ತ ಮಾಡಿಸಿದ. ಪ್ರತಿ ಹತ್ತಡಿಗೆ ವಿರೂಪಮ್ಮ ಗಾಲಿ ಉರುಳಿಸಿಕೊಂಡು ಬಂದು ನೋಡಬೇಕು. ಆಕೆಯ ಕೈಗೆ ಭಾರವಾಯಿತೆಂದರೆ ಮತ್ತೆ ರೋಲರ್.

ನಾಲ್ಕನೆಯ ದಿನ ತೊಂಬತ್ತಡಿ ಮುಗಿದಿತ್ತು. ಚಿಪ್ಸಿನ ಕೊನೆಯ ಲೋಡು ತಂದ ಟಿಪ್ಪರ್ ಡ್ರೈವರ್ ದುರುಗಪ್ಪ ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಗ ಅವನ ಹಿಂದೆಯೇ ಧಣಿಯ ಕಾರು ಬಂದು ನಿಂತಿತು.

"ಯಾರಲೇ ನೀನು? ಗಾಡಿ ಹಿಂದಕ್ಕ ತಗಿ!" ಧಣಿ ಕಾರಿಳಿದು ಗೇಟಿಗೆ ಅಡ್ಡ ನಿಂತ. ಒಳಗೆ ಮರಿಬಸಪ್ಪ ಕಂಡ. "ಓಹೋ, ನೀನೇನು! ಅರಮನಿಯಂಥ ಮನಿ ಮುಂದ ಇದೇನಿದು, ಹೊಲದ ಬದುವಿನಂಗ? ಬೂದಿ ಚೆಲ್ಲಿದಂಗ ಐತಿ! ಬಿಳೇ ಕಲ್ಲಿನ ಮಗ್ಗಲಕ ಇದು ಹೊಂದತೈತೇನು?"

"ಹೊಂದಲ್ಲರಿ," ಎಂದ ಮರಿಬಸಪ್ಪ. ಒಂದು ಉಸಿರು ತೆಗೆದುಕೊಂಡ. "ಬಿಳೇದು ನೋಡಾಕ. ಇದು ನಡ್ಯಾಕ."

"ಒಂದು ಬುಟ್ಟಿ ಕಲ್ಲು ಒಳಗ ಬರಂಗಿಲ್ಲ. ಇದ್ದದ್ದೂ ನಾಳೆ ಕಿತ್ತಸ್ತೀನಿ."

ಆಗ ವಿರೂಪಮ್ಮ ತನ್ನ ಕೋಣೆಯ ಬಾಗಿಲಿನಿಂದ ಹೊರಟಳು. ಗಾಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತೊಂಬತ್ತಡಿಯನ್ನೂ ತಾನೇ ಉರುಳಿಸಿಕೊಂಡು ಬಂದು ಚಿಪ್ಸು ಮುಗಿಯುವ ಅಂಚಿಗೆ ಕುರ್ಚಿ ನಿಲ್ಲಿಸಿ, ಬ್ರೇಕು ಹಾಕಿದಳು. ಗೇಟಿಗೆ ಇನ್ನು ಮೂವತ್ತೇ ಅಡಿ.

"ಅಮ್ಮ, ಬಿಸಲಾಗ ಯಾಕ ಬಂದಿ? ಒಳಗ ನಡಿ."

"ಹೋದ ವಾರ ನಿನ್ನ ಬಿಳೇ ಕಲ್ಲಿನಾಗ ಒಂದು ತಾಸು ಕುಂತಿದ್ನಿ. ಇವತ್ತು ಇಲ್ಲಿ ಕುಂದ್ರತೀನಿ. ಟಿಪ್ಪರ್ ಒಳಗ ಬರಲಿ, ಇಲ್ಲಾಂದ್ರ ನಾ ಇಲ್ಲೇ ಇರ್ತೀನಿ."

"ಜನ ನೋಡಾಕ ಹತ್ಯಾರ."

"ನೋಡಲಿ. ಅದಕ್ಕ ಅಲ್ಲೇನು ನೂರಿಪ್ಪತ್ತು ಅಡಿ ದೂರ ಮನಿ ಕಟ್ಟಿಸಿದ್ದಿ?"

ನಾಟಿ ಮುಗಿಸಿ ಬರುತ್ತಿದ್ದ ಹೆಂಗಸರು ಟಿಪ್ಪರಿನ ಪಕ್ಕ ನಿಂತುಬಿಟ್ಟಿದ್ದರು. ಒಬ್ಬಾಕೆ, "ಅಮ್ಮಾರ, ಆರಾಮ ಅದೀರೇನ್ರಿ? ಬಜಾರದಾಗ ಕಾಣಲೇ ಇಲ್ಲಲ್ಲ!" ಎಂದು ಕೂಗಿದಳು. ಅಲ್ಲಿಂದಲೇ ವಿರೂಪಮ್ಮ ಉತ್ತರ ಕೊಟ್ಟಳು. ಇನ್ನಿಬ್ಬರು ಸೇರಿಕೊಂಡರು. ಸೊಂಟ ಮುರಿದ ಕಥೆ ಮೊದಲಿನಿಂದ ಶುರುವಾಯಿತು, ಗಟ್ಟಿ ದನಿಯಲ್ಲಿ. ಮಗನ ಹೆಸರು ಅದರಲ್ಲಿ ಬರತೊಡಗಿತು. ಧಣಿ ಒಮ್ಮೆ ತಾಯಿಯ ಕಡೆ ನೋಡಿದ, ಒಮ್ಮೆ ಆ ಹೆಂಗಸರ ಕಡೆ. ಕರುಣೆ ಬಂದು ಗೇಟು ಬಿಟ್ಟನೆಂದು ಯಾರೂ ತಿಳಿಯಬಾರದು. ಸುದ್ದಿ ಸಂಜೆಯೊಳಗೆ ಮಿಲ್ಲಿನ ಕಣಕ್ಕೆ ಮುಟ್ಟುತ್ತದೆ ಎಂಬ ಲೆಕ್ಕವೊಂದು ಅವನಿಗೆ ಸರಿಯಾಗಿ ಬಂತು.

"ಹಾಕ್ಕಂಡು ಸಾಯ್ರಿ," ಎಂದು ಸರಿದು ನಿಂತ.

ಅವತ್ತು ಹೊತ್ತು ಮುಳುಗುವ ಮುಂಚೆ ರೋಲರ್ ಗೇಟು ಮುಟ್ಟಿತು. ಗೇಟಿನ ಕಂಬಿ ಹಿಡಿದು ವಿರೂಪಮ್ಮ ರಸ್ತೆ ನೋಡುತ್ತ ಕೂತಾಗ ಮರಿಬಸಪ್ಪ ಅಲ್ಲಿರಲಿಲ್ಲ. ಉಮಾಪತಿಯ ಕಾರಿನ ಸೀಟು ಹಿಂದಕ್ಕೆ ಚಾಚಿಕೊಂಡು ಮಲಗಿದ್ದ. ಅದೇ ಅವನು ಅಳೆದ ಕೊನೆಯ ದಾರಿ. ಆಮೇಲೆ ಬಳ್ಳಾರಿಯ ಆಸ್ಪತ್ರೆ, ಮೂಗಿಗೆ ಕೊಳವೆ, ಎದೆಯಲ್ಲಿ ಕಲ್ಲಿನ ದೂಳು ಕೂತಿದೆ ಎಂದು ಹೊಸದಾಗಿ ಕಂಡುಹಿಡಿದವರಂತೆ ಹೇಳಿದ ಡಾಕ್ಟರು. ಅವನು ಹೋದದ್ದು ಈ ವರ್ಷ, ಸಂಕ್ರಾಂತಿ ಕಳೆದ ವಾರದಲ್ಲಿ.

ಆ ದಾರಿಯನ್ನು ತಾನೇ ಮುಂದೆ ನಿಂತು ತಾಯಿಗಾಗಿ ಮಾಡಿಸಿದೆ ಎಂದು ಧಣಿ ಈಗ ಎಲ್ಲರಿಗೂ ಹೇಳುತ್ತಾನೆ. ಸಭೆಯೊಂದರಲ್ಲಿ ಅದಕ್ಕಾಗಿ ಅವನಿಗೆ ಶಾಲು ಹೊದಿಸಿದ್ದಾರೆ.

ತಿಂಗಳಾದ ಮೇಲೆ ಉಮಾಪತಿ ಸಿರುಗುಪ್ಪಕ್ಕೆ ಹೋದ. ಮರಿಬಸಪ್ಪನ ಸುದ್ದಿ ವಿರೂಪಮ್ಮನಿಗೆ ಯಾರೂ ಹೇಳಿರಲಾರರು, ತಾನೇ ಹೇಳಬೇಕು ಎಂದುಕೊಂಡಿದ್ದ. ಆಕೆ ಗೇಟಿನ ಬಾಯಲ್ಲಿ ಕೂತಿದ್ದಳು.

"ಗೊತ್ತಪ್ಪ," ಎಂದಳು. "ಅವತ್ತ ಎಮ್ಮಿ ಹೊಡಕೊಂಡು ಹೋಗೋನು ಹೇಳಿದ. ಒಳಗಿದ್ದಿದ್ರ ನನಗ್ಯಾರು ಹೇಳ್ತಿದ್ರು?"

ಎಲ್ಲಿಯೂ ಬಾರದ ಅಳು ಉಮಾಪತಿಗೆ ಅಲ್ಲಿ ಬಂತು. ಗೋಡೆಗೆ ಮುಖ ಮಾಡಿ ನಿಂತುಕೊಂಡ. ಆಕೆ ಸಮಾಧಾನ ಹೇಳಲು ಬರಲಿಲ್ಲ. ಅವನಷ್ಟಕ್ಕೆ ಬಿಟ್ಟು, ಪುಂಡಿಸೊಪ್ಪು ಮಾರುವವಳನ್ನು ಕರೆದು ಕಟ್ಟು ಬಿಚ್ಚಿಸಿ ನೋಡತೊಡಗಿದಳು.

ಅಷ್ಟರಲ್ಲಿ ಧಣಿಯ ದೊಡ್ಡ ಕಾರು ಬಂದು ರಸ್ತೆಯಲ್ಲಿ ನಿಂತಿತು. ಗೇಟಿನ ಬಾಯಲ್ಲಿ ಗಾಲಿಕುರ್ಚಿ, ಸೊಪ್ಪಿನ ಬುಟ್ಟಿ. ಕಾರು ಒಮ್ಮೆ ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಸೊಪ್ಪಿನವಳು ಬುಟ್ಟಿ ಎತ್ತಲು ಬಗ್ಗಿದಳು.

"ಇಡವಾ ಕೆಳಗ," ಎಂದಳು ವಿರೂಪಮ್ಮ. "ಈ ಕಟ್ಟಿನಾಗ ಎಲಿ ಬಾಡ್ಯಾವು. ಬ್ಯಾರೇದು ತಗಿ, ನೋಡೋಣು."